ಮಾಚು ಪಿಚ್ಚುವನ್ನು ಜಗತ್ತಿಗೆ ತೋರಿಸಿದ ಹೈರಂ ಬಿಂಗಮ್

ಇಪ್ಪತ್ತನೆಯ ಶತಮಾನದ ಆರಂಭದ ದಿನಗಳವು. ಚಲನಚಿತ್ರ ಇನ್ನೂ ಶೈಶವದಲ್ಲಿತ್ತು. ದೂರದೇಶಗಳ ಕೌತುಕವನ್ನು ಕಾಣಬಯಸುವ ಅಮೆರಿಕದ ನಗರವಾಸಿಗಳು ಸಂಜೆಯಾದೊಡನೆ ಸಭಾಂಗಣಗಳಲ್ಲಿ ನೆರೆಯುತ್ತಿದ್ದರು. ದೀಪಗಳು ಆರುತ್ತಲೇ ಮ್ಯಾಜಿಕ್ ಲ್ಯಾಂಟರ್ನ್ ಎಂಬ ಯಂತ್ರದ ಬೆಳಕು ಗಾಜಿನ ಫಲಕವನ್ನು ಹಾಯ್ದು ಬಿಳಿ ಪರದೆಯ ಮೇಲೆ ಬೀಳುತ್ತಿತ್ತು. ಒಂದೊಂದೇ ಚಿತ್ರ ಮೂಡುತ್ತಿದ್ದಂತೆ ಪಕ್ಕದಲ್ಲಿ ನಿಂತ ಪ್ರವಾಸಿಯು ತನ್ನ ಯಾತ್ರೆಯ ಕಥೆಯನ್ನು ನಿರೂಪಿಸುತ್ತಿದ್ದ.

ಇಂತಹ ಸಚಿತ್ರ ಉಪನ್ಯಾಸಗಳ ಯುಗದಲ್ಲಿಯೇ ದಕ್ಷಿಣ ಅಮೆರಿಕದ ಪೆರು ದೇಶದ ಪರ್ವತವೊಂದರ ನೆತ್ತಿಯಲ್ಲಿದ್ದ ಕಲ್ಲಿನ ನಗರ ಲೋಕದ ಕಣ್ಣಿಗೆ ಬಿದ್ದಿತು. ಇಂಕಾ ಜನರು ಕಟ್ಟಿದ ಆ ನಗರವೇ ಮಾಚು ಪಿಚ್ಚು. ಅದನ್ನು ಛಾಯಾಚಿತ್ರಗಳಲ್ಲಿ ಹಿಡಿದು ತಂದವರು ಹೈರಂ ಬಿಂಗಮ್. ಚರಿತ್ರೆಯ ಪುಸ್ತಕಗಳು ಅವರನ್ನು ಬಹುಕಾಲ ಆ ನಗರದ ಶೋಧಕರೆಂದೇ ಕರೆದವು. ವಾಸ್ತವದಲ್ಲಿ ಅವರು ಅದನ್ನು ಲೋಕಕ್ಕೆ ತೋರಿಸಿದವರು. ಈ ಎರಡು ಮಾತುಗಳ ನಡುವಿನ ಅಂತರವೇ ಅವರ ಬದುಕಿನ ಕಥೆ.

ಮಿಷನರಿಗಳ ಮನೆಯ ಮಗ

ಬಿಂಗಮ್ ಜನಿಸಿದ್ದು 1875ರ ನವೆಂಬರ್ 19ರಂದು, ಹವಾಯಿ ದ್ವೀಪಸಮೂಹದ ಹೊನೊಲುಲುವಿನಲ್ಲಿ. ಅವರ ತಾತ 1820ರಲ್ಲಿ ಆ ದ್ವೀಪಗಳಿಗೆ ಬಂದಿಳಿದ ಮೊದಲ ಕ್ರೈಸ್ತ ಮಿಷನರಿಗಳಲ್ಲೊಬ್ಬರು. ತಂದೆಯೂ ಅದೇ ವೃತ್ತಿಯವರು. ಮೂರು ತಲೆಮಾರಿನವರಿಗೂ ಒಂದೇ ಹೆಸರು. ಮನೆಯಲ್ಲಿ ಪ್ರಾರ್ಥನೆ ಮತ್ತು ಕಟ್ಟುನಿಟ್ಟು ಧಾರಾಳವಾಗಿತ್ತು. ಹಣ ಮಾತ್ರ ಅಷ್ಟಾಗಿ ಇರಲಿಲ್ಲ. ಮಗನೂ ತಮ್ಮ ಹಾದಿಯನ್ನೇ ಹಿಡಿಯಲೆಂಬುದು ಹಿರಿಯರ ಬಯಕೆಯಾಗಿತ್ತು.

ಆದರೆ ಯುವಕ ಬಿಂಗಮ್ ವಿದ್ಯೆಯ ದಾರಿ ಹಿಡಿದರು. 1898ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಪದವಿ, ಬಳಿಕ ಬರ್ಕ್ಲಿಯಲ್ಲಿ ಸ್ನಾತಕೋತ್ತರ ಅಧ್ಯಯನ, 1905ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್. 1900ರಲ್ಲಿ ಅವರು ವರಿಸಿದ ಆಲ್ಫ್ರೆಡಾ ಮಿಚೆಲ್, ಹೆಸರಾಂತ ಟಿಫಾನಿ ಆಭರಣ ಸಂಸ್ಥೆಯ ಸ್ಥಾಪಕರ ಮೊಮ್ಮಗಳು. ಈ ದಂಪತಿಗೆ ಏಳು ಗಂಡುಮಕ್ಕಳು ಹುಟ್ಟಿದರು. ಪತ್ನಿಯ ಮನೆತನದ ಸಂಪತ್ತು ಬಿಂಗಮ್ ಅವರ ಯಾತ್ರೆಗಳಿಗೆ ಆಸರೆಯಾಯಿತು. 1907ರಲ್ಲಿ ಅವರು ಯೇಲ್‌ನಲ್ಲಿ ದಕ್ಷಿಣ ಅಮೆರಿಕದ ಇತಿಹಾಸ ಬೋಧಿಸುವ ಉಪನ್ಯಾಸಕರಾದರು.

ಕೊಠಡಿಯ ಪಾಠ ಅವರಿಗೆ ಸಾಲದಾಯಿತು. 1906-07ರಲ್ಲಿ ಸ್ವಾತಂತ್ರ್ಯ ಸೇನಾನಿ ಸಿಮೋನ್ ಬೊಲಿವಾರ್ ಸಾಗಿದ್ದ ಹಾದಿಯನ್ನು ಅನುಸರಿಸಿ ವೆನೆಜುವೆಲಾ ಮತ್ತು ಕೊಲಂಬಿಯಾಗಳನ್ನು ದಾಟಿದರು. 1909ರಲ್ಲಿ ಪೆರುವಿನ ಅಧಿಕಾರಿಯೊಬ್ಬರ ಒತ್ತಾಯಕ್ಕೆ ಮಣಿದು ಚೋಕೆಕಿರಾವ್ ಎಂಬ ಇಂಕಾ ಅವಶೇಷವನ್ನು ನೋಡಲು ಹೋದರು. ಪುರಾತತ್ವದಲ್ಲಿ ಅವರಿಗೆ ತರಬೇತಿಯೇ ಇರಲಿಲ್ಲ. ಪ್ರಾಚೀನ ಅವಶೇಷ ಎದುರಾದರೆ ಏನು ಮಾಡಬೇಕೆಂಬುದನ್ನು ಅವರು ಯಾತ್ರಿಕರಿಗೆಂದೇ ಬರೆದ ಬ್ರಿಟಿಷ್ ಕೈಪಿಡಿಯೊಂದರಿಂದ ತಿಳಿದುಕೊಂಡರು: ಅಳತೆ ತೆಗೆ, ನಕ್ಷೆ ಬರೆ, ಸಾಧ್ಯವಾದಷ್ಟು ಚಿತ್ರ ತೆಗೆ. ಈ ಸರಳ ಸೂತ್ರವೇ ಮುಂದೆ ಅವರ ಕೀರ್ತಿಗೆ ಬುನಾದಿಯಾಯಿತು.

1911ರ ಜುಲೈ 24

ಸ್ಪೇನ್ ದೇಶದವರು ಇಂಕಾ ಸಾಮ್ರಾಜ್ಯವನ್ನು ಗೆದ್ದ ಮೇಲೆ ಮಾಂಕೊ ಇಂಕಾ ಎಂಬ ಅರಸ 1536ರಲ್ಲಿ ದಂಗೆಯೆದ್ದು, ಕೊನೆಗೆ ವಿಲ್ಕಬಾಂಬಾ ಎಂಬ ಅರಣ್ಯಪ್ರದೇಶಕ್ಕೆ ಹಿಂದೆ ಸರಿದಿದ್ದ. ಅಲ್ಲಿನ ರಾಜಧಾನಿ 1572ರಲ್ಲಿ ಸ್ಪ್ಯಾನಿಷರ ವಶವಾಯಿತು. ಕಾಲಕ್ರಮದಲ್ಲಿ ಅದರ ನೆಲೆಯೇ ಮರೆತುಹೋಯಿತು. ಅದನ್ನು ಹುಡುಕುವ ಹಂಬಲದಿಂದ ಬಿಂಗಮ್ 1911ರಲ್ಲಿ ಏಳು ಜನರ ಯೇಲ್ ತಂಡದೊಂದಿಗೆ ಪೆರುವಿಗೆ ಬಂದರು.

ಕೂಸ್ಕೊ ನಗರದ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಆಲ್ಬರ್ಟ್ ಗೀಸೆಕೆ ಅವರು ಉರುಬಂಬಾ ಕಣಿವೆಯ ಮೇಲಿರುವ ಅವಶೇಷಗಳ ಸುಳಿವನ್ನು ಬಿಂಗಮ್‌ಗೆ ಮೊದಲೇ ನೀಡಿದ್ದರು. ಬಂಡೆಗಳನ್ನು ಸಿಡಿಸಿ ಆ ಕಣಿವೆಯೊಳಗೆ ನಿರ್ಮಿಸಿದ್ದ ಹೊಸ ಹಾದಿಯೂ ನೆರವಿಗೆ ಬಂತು. ಹಿಂದಿನ ಯಾತ್ರಿಕರು ಬೇರೆ ಕಣಿವೆಮಾರ್ಗ ಹಿಡಿದು ಸಾಗುತ್ತಿದ್ದುದರಿಂದ ಈ ಶಿಖರದ ಬುಡಕ್ಕೆ ಅವರು ಬಂದಿರಲೇ ಇಲ್ಲ.

ಜುಲೈ 24ರ ಬೆಳಗ್ಗೆ ತುಂತುರು ಮಳೆ. ನದಿಯ ದಂಡೆಯಲ್ಲಿ ವಾಸವಾಗಿದ್ದ ರೈತ ಮೆಲ್ಚೋರ್ ಅರ್ತೆಯಾಗಾ ಬೆಟ್ಟ ಹತ್ತಲು ಹಿಂಜರಿದ. ಒಂದು ಬೆಳ್ಳಿಯ ಸೋಲ್ ನಾಣ್ಯವನ್ನು ಕೊಡುವುದಾಗಿ ಹೇಳಿದ ಮೇಲೆ ಒಪ್ಪಿದ. ಆ ಸೀಮೆಯಲ್ಲಿ ಅದು ಹಲವು ದಿನಗಳ ಕೂಲಿಗೆ ಸಮ. ಬಿಂಗಮ್ ತಂಡದ ಇತರರು ಬಿಡಾರದಲ್ಲಿಯೇ ಉಳಿದರು. ಅರ್ತೆಯಾಗಾ, ಸರ್ಕಾರ ಜೊತೆಗೆ ಕೊಟ್ಟಿದ್ದ ಸಾರ್ಜೆಂಟ್ ಕರಾಸ್ಕೊ ಮತ್ತು ಬಿಂಗಮ್, ಈ ಮೂವರೇ ಹೊರಟರು. ಭೋರ್ಗರೆಯುವ ನದಿಗೆ ಅಡ್ಡಲಾಗಿ ಕಟ್ಟಿದ ಮರದ ದಿಮ್ಮಿಗಳ ಸೇತುವೆಯನ್ನು ಬಿಂಗಮ್ ತೆವಳಿಕೊಂಡೇ ದಾಟಿದರು.

ಮೇಲೆ ಅವರಿಗೆ ಕಂಡದ್ದು ನಿರ್ಜನ ಅರಣ್ಯವಲ್ಲ, ಒಂದು ಗುಡಿಸಲು. ರಿಚಾರ್ತೆ ಮತ್ತು ಆಲ್ವಾರೆಸ್ ಎಂಬ ರೈತ ಕುಟುಂಬಗಳು ಇಂಕಾ ಕಾಲದ ಮೆಟ್ಟಿಲುಗದ್ದೆಗಳನ್ನು ಹಸನು ಮಾಡಿಕೊಂಡು ಬೇಸಾಯ ಮಾಡುತ್ತಿದ್ದವು. ತೆರಿಗೆ ವಸೂಲಿಯವರಾಗಲಿ, ಸೈನ್ಯಕ್ಕೆ ಸೇರಿಸಿಕೊಳ್ಳುವವರಾಗಲಿ ಬಾರದ ಎತ್ತರ ಅದು. ದಣಿದು ಬಂದ ಅತಿಥಿಗೆ ಅವರು ಸೋರೆಬುರುಡೆಯಲ್ಲಿ ತಣ್ಣೀರನ್ನೂ ಬೇಯಿಸಿದ ಗೆಣಸನ್ನೂ ಕೊಟ್ಟರು. ಬಳಿಕ ಆ ಮನೆಯ ಬಾಲಕನೊಬ್ಬ ದಾರಿ ತೋರಿಸಿದ. ಬಳ್ಳಿ, ಬಿದಿರು, ಪಾಚಿಗಳ ಮರೆಯಿಂದ ಒಂದರ ಹಿಂದೊಂದು ಗೋಡೆ ಹೊರಬಂತು. ಸುಣ್ಣ ಗಾರೆಗಳಿಲ್ಲದೆ ಒಂದಕ್ಕೊಂದು ಬೆಸೆದಂತೆ ಕೂರಿಸಿದ ಬಿಳಿ ಗ್ರಾನೈಟ್ ಕಲ್ಲುಗಳು, ಮೂರು ಕಿಟಕಿಗಳ ದೇಗುಲ, ವರ್ತುಲಾಕಾರದ ಗೋಪುರ. ಬಿಂಗಮ್ ಕೊಡಾಕ್ ಕ್ಯಾಮರಾವನ್ನು ನಿಲ್ಲಿಸಿ ಚಿತ್ರಗಳನ್ನು ತೆಗೆದರು. ಅಂದು ಅವರು ಅಲ್ಲಿ ಕಳೆದದ್ದು ಕೆಲವೇ ಗಂಟೆಗಳು.

ಅದೇ ಗೋಡೆಗಳ ಮೇಲೆ ಅವರು ಇನ್ನೊಂದನ್ನೂ ಕಂಡರು. ಇದ್ದಿಲಿನಿಂದ ಬರೆದ ಒಂದು ಹೆಸರು ಮತ್ತು ಇಸವಿ: ಲಿಸಾರಾಗಾ, 1902. ಅಗಸ್ಟಿನ್ ಲಿಸಾರಾಗಾ ಅದೇ ಕಣಿವೆಯ ನಿವಾಸಿ. ಒಂಬತ್ತು ವರ್ಷ ಮೊದಲೇ ಅಲ್ಲಿಗೆ ಬಂದು ಹೋಗಿದ್ದವರು. ಬಿಂಗಮ್ ಆ ಹೆಸರನ್ನು ತಮ್ಮ ದಿನಚರಿಯಲ್ಲಿ ಗುರುತು ಮಾಡಿಕೊಂಡರು. ಆತನೇ ಮೊದಲಿಗನೆಂದೂ ಅಲ್ಲಿ ಒಪ್ಪಿಕೊಂಡರು.

ಚಿತ್ರಗಳ ಮಹಿಮೆ

ನಗರವನ್ನು ಕಂಡವರು ಹಲವರಿದ್ದರೂ ಅದನ್ನು ದೂರದ ಜನರ ಮುಂದೆ ತಂದಿಡುವ ಸಾಧನ ಇದ್ದದ್ದು ಬಿಂಗಮ್ ಅವರ ಬಳಿ. 1912ರಲ್ಲಿ ಯೇಲ್ ಮತ್ತು ನ್ಯಾಷನಲ್ ಜಿಯೋಗ್ರಾಫಿಕ್ ಸೊಸೈಟಿ ತಲಾ 10,000 ಡಾಲರ್ ನೀಡಿ ಎರಡನೆಯ ಯಾತ್ರೆಗೆ ಕಳುಹಿಸಿದವು. ಸ್ಥಳೀಯ ಕೂಲಿಗಳು ತಿಂಗಳುಗಟ್ಟಲೆ ಕಾಡನ್ನು ಕಡಿದು ನಗರವನ್ನು ಬಯಲಿಗೆ ತಂದರು. 1913ರ ಏಪ್ರಿಲ್‌ನಲ್ಲಿ ನ್ಯಾಷನಲ್ ಜಿಯೋಗ್ರಾಫಿಕ್ ಪತ್ರಿಕೆ ತನ್ನ ಇಡೀ ಸಂಚಿಕೆಯ 186 ಪುಟಗಳನ್ನು ಈ ವಿಷಯಕ್ಕೇ ಮೀಸಲಿರಿಸಿತು. ಮೋಡಗಳ ನಡುವೆ ಎದ್ದುನಿಂತ ಶಿಖರ, ಅದರ ಮಡಿಲಿನಲ್ಲಿ ಛಾವಣಿಯಿಲ್ಲದ ನಗರ. ಇಂದಿಗೂ ಪ್ರವಾಸಿಗಳು ಹುಡುಕಿಕೊಂಡು ಹೋಗಿ ನಿಲ್ಲುವುದು ಆ ಚಿತ್ರಗಳು ತೋರಿಸಿಕೊಟ್ಟ ನೋಟದ ಎದುರಿನಲ್ಲಿಯೇ.

ಚಿತ್ರಗಳಷ್ಟು ನಿಖರವಾಗಿ ಅವರ ಊಹೆಗಳು ನಿಲ್ಲಲಿಲ್ಲ. ಮಾಚು ಪಿಚ್ಚುವೇ ಇಂಕಾಗಳ ಕೊನೆಯ ರಾಜಧಾನಿಯೆಂದು ಅವರು ಕಡೆಯವರೆಗೂ ನಂಬಿದ್ದರು. ವಿಪರ್ಯಾಸವೆಂದರೆ 1911ರ ಆಗಸ್ಟ್‌ನಲ್ಲಿ ಅವರು ಎಸ್ಪಿರಿತು ಪಂಪಾ ಎಂಬಲ್ಲಿಗೂ ಹೋಗಿದ್ದರು. ದಟ್ಟ ಕಾಡಿನಲ್ಲಿ ಕೆಲವೇ ಕಟ್ಟಡಗಳನ್ನು ಕಂಡು, ಅದು ಮಹತ್ವದ್ದಲ್ಲವೆಂದು ಹಿಂದಿರುಗಿದರು. ನಿಜವಾದ ವಿಲ್ಕಬಾಂಬಾ ಅದೇ ಎಂಬುದನ್ನು 1964ರ ನಂತರದ ಶೋಧನೆಗಳು ತೋರಿಸಿಕೊಟ್ಟವು. ಅವರ ತಂಡದ ತಜ್ಞರು ಸಮಾಧಿಗಳಲ್ಲಿ ದೊರೆತ ಅಸ್ಥಿಗಳು ಬಹುಪಾಲು ಸ್ತ್ರೀಯರವೆಂದು ಎಣಿಸಿದ್ದರಿಂದ ಸೂರ್ಯಕನ್ಯೆಯರ ಮಠವೆಂಬ ಕಲ್ಪನೆಯೂ ಹುಟ್ಟಿತು. ಮುಂದಿನ ಪರಿಶೀಲನೆಯಲ್ಲಿ ಸ್ತ್ರೀಪುರುಷರ ಸಂಖ್ಯೆ ಹೆಚ್ಚುಕಡಿಮೆ ಸಮವೆಂದು ತಿಳಿಯಿತು. ಇದು ಪಚಕುತಿ ಎಂಬ ಇಂಕಾ ಸಾಮ್ರಾಟನ ರಾಜನಿವಾಸವಾಗಿತ್ತೆಂಬುದು ಈಗ ವಿದ್ವಾಂಸರು ಸಾಮಾನ್ಯವಾಗಿ ಒಪ್ಪುವ ಅಭಿಪ್ರಾಯ.

ವಿವಾದದ ಬೆನ್ನು

ಅಗೆತದಲ್ಲಿ ದೊರೆತ ಮಡಕೆ, ಲೋಹದ ಸಾಮಗ್ರಿ ಮತ್ತು ಅಸ್ಥಿಗಳು ಪೆಟ್ಟಿಗೆಗಳಲ್ಲಿ ತುಂಬಿ ಅಮೆರಿಕಕ್ಕೆ ಸಾಗಿದವು. ಮರಳಿ ಕೇಳುವ ಹಕ್ಕನ್ನು ಪೆರು ಸರ್ಕಾರ ಉಳಿಸಿಕೊಂಡಿತ್ತು. 1914-15ರ ಮೂರನೆಯ ಯಾತ್ರೆಯ ಹೊತ್ತಿಗೆ ಕೂಸ್ಕೊದ ವಿದ್ಯಾವಂತರಲ್ಲಿ ಅಸಮಾಧಾನ ಹೊಗೆಯಾಡಿತ್ತು. ನಿಧಿಯನ್ನು ಗುಟ್ಟಾಗಿ ಸಾಗಿಸುತ್ತಿದ್ದಾರೆಂಬ ಆರೋಪ ಕೇಳಿಬಂತು. ಅದು ರುಜುವಾತಾಗಲಿಲ್ಲ, ಆದರೂ ಬಿಂಗಮ್ ಬೇಸರದಿಂದ ಪುರಾತತ್ವದ ಕೆಲಸಕ್ಕೆ ವಿದಾಯ ಹೇಳಿದರು. ವಸ್ತುಗಳ ವ್ಯಾಜ್ಯ ಅವರ ಜೀವಿತವನ್ನೂ ಮೀರಿ ನಡೆಯಿತು. 2008ರಲ್ಲಿ ಪೆರು ಸರ್ಕಾರ ನ್ಯಾಯಾಲಯದ ಮೆಟ್ಟಿಲೇರಿತು. 2010ರಲ್ಲಿ ಒಪ್ಪಂದವಾಗಿ 2011 ಮತ್ತು 2012ರಲ್ಲಿ ಸಾವಿರಾರು ವಸ್ತುಗಳು ಕೂಸ್ಕೊಗೆ ಮರಳಿದವು.

ಮೊದಲ ಮಹಾಯುದ್ಧದಲ್ಲಿ ಬಿಂಗಮ್ ವಿಮಾನ ಹಾರಿಸಲು ಕಲಿತು, ಫ್ರಾನ್ಸ್‌ನ ಇಸೂದನ್‌ನಲ್ಲಿದ್ದ ಅಮೆರಿಕನ್ ವೈಮಾನಿಕ ತರಬೇತಿ ಕೇಂದ್ರದ ನೇತೃತ್ವ ವಹಿಸಿದರು. ಬಳಿಕ ರಾಜಕೀಯ. ಕನೆಕ್ಟಿಕಟ್ ರಾಜ್ಯದ ಗವರ್ನರ್ ಹುದ್ದೆಗೂ ಸೆನೆಟ್ ಸ್ಥಾನಕ್ಕೂ 1924ರಲ್ಲಿ ಕೆಲವೇ ವಾರಗಳ ಅಂತರದಲ್ಲಿ ಚುನಾಯಿತರಾದರು. 1925ರ ಜನವರಿಯಲ್ಲಿ ಒಂದೇ ದಿನ ಗವರ್ನರ್ ಆಗಿದ್ದು ಸೆನೆಟ್‌ಗೆ ತೆರಳಿದ ವಿರಳ ದಾಖಲೆ ಅವರದು. ಆದರೆ ತೆರಿಗೆ ಮಸೂದೆಯ ಚರ್ಚೆಯ ವೇಳೆ ಉದ್ಯಮಿಗಳ ಸಂಘದ ಪ್ರತಿನಿಧಿಯೊಬ್ಬನನ್ನು ಸರ್ಕಾರಿ ಸಂಬಳದ ಪಟ್ಟಿಗೆ ಸೇರಿಸಿಕೊಂಡರೆಂಬ ಕಾರಣಕ್ಕೆ 1929ರಲ್ಲಿ ಸೆನೆಟ್ 54-22 ಮತಗಳಿಂದ ಅವರ ವಿರುದ್ಧ ಖಂಡನಾ ನಿರ್ಣಯ ಅಂಗೀಕರಿಸಿತು. 1932ರ ಚುನಾವಣೆಯಲ್ಲಿ ಸೋತರು. 1937ರಲ್ಲಿ ವಿವಾಹ ವಿಚ್ಛೇದನವಾಯಿತು. ಅದೇ ವರ್ಷ ಮರುವಿವಾಹವಾದರು.

ಅಳಿಸಿಹೋದ ಹೆಸರು

1948ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ ಅವರು ಮಾಚು ಪಿಚ್ಚುವಿಗೆ ಮತ್ತೊಮ್ಮೆ ಬಂದರು. ಬೆಟ್ಟದ ಬುಡದಿಂದ ನಗರದವರೆಗೆ ನಿರ್ಮಿಸಿದ ಅಂಕುಡೊಂಕಿನ ರಸ್ತೆಗೆ ಅವರದೇ ಹೆಸರನ್ನಿಟ್ಟು ಉದ್ಘಾಟಿಸಲಾಯಿತು. ತೆವಳಿ ದಾಟಿದ ಹೊಳೆಯನ್ನು ಅವರು ಈ ಬಾರಿ ಸನ್ಮಾನಿತ ಅತಿಥಿಯಾಗಿ ದಾಟಿದರು. ಅದೇ ವರ್ಷ ಪ್ರಕಟವಾದ ಅವರ ಪುಸ್ತಕ, ಲಾಸ್ಟ್ ಸಿಟಿ ಆಫ್ ದಿ ಇಂಕಾಸ್, ಅಪಾರ ಜನಪ್ರಿಯತೆ ಗಳಿಸಿತು. ಅದರಲ್ಲಿ ಲಿಸಾರಾಗಾ ಅವರ ಹೆಸರಿರಲಿಲ್ಲ. ಆ ಮನುಷ್ಯ 1912ರಲ್ಲಿಯೇ ನದಿಯಲ್ಲಿ ಮುಳುಗಿ ತೀರಿಕೊಂಡಿದ್ದ, ಪ್ರಶ್ನಿಸಲು ಇರಲಿಲ್ಲ. ದಿನಚರಿಯಲ್ಲಿ ಉಳಿದ ಆ ಸಾಲು ಹಲವು ದಶಕಗಳ ಬಳಿಕ ಬೆಳಕಿಗೆ ಬಂದದ್ದು ಬಿಂಗಮ್ ಅವರ ಪುತ್ರ ಆಲ್ಫ್ರೆಡ್ ತಂದೆಯ ಕಾಗದಪತ್ರಗಳನ್ನು ಪರಿಶೀಲಿಸಿ ಬರೆದಾಗ.

1956ರ ಜೂನ್ 6ರಂದು ವಾಷಿಂಗ್ಟನ್‌ನಲ್ಲಿ ನಿಧನರಾದ ಬಿಂಗಮ್ ಅವರನ್ನು ಆರ್ಲಿಂಗ್ಟನ್ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು. 1983ರಲ್ಲಿ ಯುನೆಸ್ಕೊ ಮಾಚು ಪಿಚ್ಚುವನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು. ಸಮುದ್ರಮಟ್ಟದಿಂದ ಸುಮಾರು 2,430 ಮೀಟರ್ ಎತ್ತರದ ಆ ನಗರಕ್ಕೆ ಈಗಲೂ ಬಸ್ಸುಗಳು ಹತ್ತುವುದು ಬಿಂಗಮ್ ಹೆಸರಿನ ರಸ್ತೆಯಲ್ಲಿಯೇ. ಆ ಗೌರವ ಅವರಿಗೆ ಸಲ್ಲತಕ್ಕದ್ದೇ. ಅವರ ಕ್ಯಾಮರಾ ಇಲ್ಲದಿದ್ದರೆ ಲೋಕ ಅತ್ತ ತಿರುಗಿ ನೋಡಲು ಇನ್ನೆಷ್ಟು ಕಾಲ ಹಿಡಿಯುತ್ತಿತ್ತೋ. ಅಷ್ಟೇ ಗೌರವ ಇದ್ದಿಲಿನಿಂದ ಹೆಸರು ಬರೆದವನಿಗೂ, ನಾಣ್ಯಕ್ಕಾಗಿ ಮಳೆಯಲ್ಲಿ ಬೆಟ್ಟ ಹತ್ತಿದವನಿಗೂ, ಗೆಣಸು ಕೊಟ್ಟ ಮನೆಯವರಿಗೂ, ದಾರಿ ತೋರಿಸಿದ ಬಾಲಕನಿಗೂ ಸಲ್ಲಬೇಕಾಗಿದೆ.