ವಿಲಿಯಂ ಬ್ರೂಕ್ ಓಶಾನೆಸಿ

ಸರ್ ವಿಲಿಯಂ ಬ್ರೂಕ್ ಓಶಾನೆಸಿ (ಅಕ್ಟೋಬರ್ 1809 – 8 ಜನವರಿ 1889) ಭಾರತದಲ್ಲಿ ವಿದ್ಯುತ್ ತಂತಿ ವ್ಯವಸ್ಥೆಗೆ ತಳಪಾಯ ಹಾಕಿದ ಐರಿಷ್ ವೈದ್ಯ ಹಾಗೂ ರಸಾಯನ ವಿಜ್ಞಾನಿ. ತಾವೇ ರೂಪಿಸಿದ ಸಲಕರಣೆಗಳಿಂದ ತಂತಿ ಸೇವೆಯನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ಅವನ್ನು ಕೈಬಿಟ್ಟು ಮೋರ್ಸ್ ಪದ್ಧತಿಯನ್ನು ತಂದವರೂ ಇವರೇ.

ಆರಂಭಿಕ ಜೀವನ

ಓಶಾನೆಸಿ ಐರ್ಲೆಂಡಿನ ಲಿಮರಿಕ್‌ನಲ್ಲಿ ಜನಿಸಿದರು. ಎಡಿನ್‌ಬರೊದಲ್ಲಿ ವೈದ್ಯಕೀಯ ಪದವಿ ಪಡೆದರು. 1831–32ರಲ್ಲಿ ಇಂಗ್ಲೆಂಡಿಗೆ ಕಾಲರಾ ಹಬ್ಬಿದಾಗ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರು ಮತ್ತು ಲವಣಗಳು ಕುಗ್ಗಿರುವುದನ್ನು ತೋರಿಸಿಕೊಟ್ಟರು. ಇದರ ಆಧಾರದ ಮೇಲೆ ಥಾಮಸ್ ಲಟ್ಟಾ ಎಂಬ ವೈದ್ಯರು 1832ರಲ್ಲಿ ರೋಗಿಗಳ ರಕ್ತನಾಳಕ್ಕೆ ಲವಣದ ದ್ರಾವಣವನ್ನು ಹರಿಸಿದರು. ಓಶಾನೆಸಿ ಇದೊಂದೇ ಕೆಲಸ ಮಾಡಿದ್ದರೂ ವೈದ್ಯಕೀಯ ಚರಿತ್ರೆಯಲ್ಲಿ ಅವರ ಹೆಸರು ಉಳಿಯುತ್ತಿತ್ತು.

1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಕಲ್ಕತ್ತೆಗೆ ಬಂದ ಅವರು, ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಭಂಗಿಯ ಔಷಧೀಯ ಗುಣಗಳ ಬಗೆಗಿನ ಅವರ ಅಧ್ಯಯನವೂ ಪ್ರಸಿದ್ಧವಾಗಿದೆ.

ತಂತಿ ವ್ಯವಸ್ಥೆ

1839ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಬಳಿ ಹಲವು ಮೈಲಿ ತಂತಿ ಎಳೆದು ಓಶಾನೆಸಿ ಪ್ರಯೋಗ ನಡೆಸಿದರು. ಸರ್ಕಾರ ಆಗ ಆಸಕ್ತಿ ತೋರಲಿಲ್ಲ. ಹತ್ತು ವರ್ಷಗಳ ಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿಯ ಬೆಂಬಲ ದೊರೆತು, 1851ರಲ್ಲಿ ಕಲ್ಕತ್ತ–ಡೈಮಂಡ್ ಹಾರ್ಬರ್ ನಡುವಿನ ಮಾರ್ಗ ಸಿದ್ಧವಾಯಿತು. ಬಿರುಗಾಳಿಗೂ ಹಕ್ಕಿಗಳ ಭಾರಕ್ಕೂ ಬಗ್ಗದಂತೆ ತೆಳು ತಂತಿಯ ಬದಲು ದಪ್ಪ ಕಬ್ಬಿಣದ ಸರಳನ್ನು ಬಳಸಿದ್ದು ಅವರ ವಿಶೇಷ. ಈ ಕಾರ್ಯದಲ್ಲಿ ಶಿಬ್ ಚಂದ್ರ ನಂದಿ ಅವರ ಬಲಗೈಯಾಗಿದ್ದರು. 1853ರ ನವೆಂಬರಿನಲ್ಲಿ ದೇಶವ್ಯಾಪಿ ಕಾಮಗಾರಿ ಆರಂಭವಾಯಿತು. 1854ರ ಮಾರ್ಚ್ 24ರಂದು ಆಗ್ರಾ ಮತ್ತು ಕಲ್ಕತ್ತೆಯ ನಡುವೆ ಮೊದಲ ಸಂದೇಶ ಹರಿಯಿತು. ಮುಂಬಯಿ, ಮದರಾಸು, ಬೆಂಗಳೂರು ಮತ್ತು ಊಟಿಗಳೂ ಈ ಜಾಲದ ಭಾಗವಾದವು. 1855ರಲ್ಲಿ ಸೇವೆ ಸಾರ್ವಜನಿಕರಿಗೆ ತೆರೆಯಿತು.

ಸಲಕರಣೆಗಳು

ಓಶಾನೆಸಿಯವರ ಯಂತ್ರದಲ್ಲಿ ಕಾಂತಸೂಜಿಯೊಂದು ಎಡಕ್ಕೋ ಬಲಕ್ಕೋ ಓಲಾಡುತ್ತಿತ್ತು. ಕಳುಹಿಸುವವರು ವಿದ್ಯುತ್ತಿನ ದಿಕ್ಕನ್ನು ತಿರುಗಿಸುವ ಹಿಡಿಯನ್ನು ಆಡಿಸುತ್ತಿದ್ದರು. ಸ್ಥಳೀಯ ಕುಶಲಕರ್ಮಿಗಳೇ ಮಾಡಬಲ್ಲ ಅಗ್ಗದ ಸಾಧನವದು. ಆದರೆ ಸೂಜಿಯಿಂದ ಕಣ್ಣು ತೆಗೆಯುವಂತಿರಲಿಲ್ಲ, ಅದು ತೋರಿಸಿದ್ದು ಕಾಗದದ ಮೇಲೆ ಉಳಿಯುತ್ತಲೂ ಇರಲಿಲ್ಲ. ಮೋರ್ಸ್ ಯಂತ್ರ ಚುಕ್ಕೆ–ಗೆರೆಗಳನ್ನು ಕಾಗದದ ಪಟ್ಟಿಯ ಮೇಲೆ ದಾಖಲಿಸುತ್ತಿತ್ತು. 1857ರ ಸುಮಾರಿಗೆ ಓಶಾನೆಸಿ ತಮ್ಮ ಯಂತ್ರಗಳ ಜಾಗದಲ್ಲಿ ಮೋರ್ಸ್ ಪದ್ಧತಿಯನ್ನು ಜಾರಿಗೆ ತಂದರು. ತನ್ನದೇ ಆವಿಷ್ಕಾರವನ್ನು ಹೀಗೆ ಬದಿಗಿಡುವ ಆವಿಷ್ಕಾರಕರು ಅಪರೂಪ.

ಹಳೆಯ ಟೆಲಿಗ್ರಾಫ್ ಕೀಗಳನ್ನು ಸಂಗ್ರಹಿಸುವವರಿಗೆ ಈ ಬದಲಾವಣೆಯ ಕಾಲ ಮುಖ್ಯ. ಬೆರಳಿನಿಂದ ಒತ್ತುವ ಹಿತ್ತಾಳೆಯ ಮೋರ್ಸ್ ಕೀ ಭಾರತದ ತಂತಿ ಕಚೇರಿಗಳ ಮೊದಲ ವರ್ಷಗಳ ಸಾಧನವಲ್ಲ, ನಂತರದ್ದು.

ಕೊನೆಯ ದಿನಗಳು

1856ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು. 1860ರಲ್ಲಿ ಭಾರತವನ್ನು ತೊರೆದ ಅವರು ಮರುವರ್ಷ ತಮ್ಮ ಹೆಸರನ್ನು ವಿಲಿಯಂ ಓಶಾನೆಸಿ ಬ್ರೂಕ್ ಎಂದು ಬದಲಿಸಿಕೊಂಡರು. ಇಂಗ್ಲೆಂಡಿನ ಸೌತ್‌ಸೀಯಲ್ಲಿ ನಿಧನರಾದರು.

ಕೋಲಾರ ಪ್ರದೇಶದಲ್ಲಿ

ಮೋರ್ಸ್ ಕೀ ತಂತಿ ಕಚೇರಿಗಳಷ್ಟಕ್ಕೇ ಸೀಮಿತವಾಗದೆ, ರೈಲು ನಿಲ್ದಾಣಗಳ ನಡುವಿನ ಸಂದೇಶಕ್ಕೂ ಬಳಕೆಯಾಯಿತು. ಜೋಲಾರ್‌ಪೇಟೆ–ಬೆಂಗಳೂರು ರೈಲುಮಾರ್ಗ 1864ರಲ್ಲಿ ತೆರೆಯಿತು. ಈ ಮಾರ್ಗದ ಬೌರಿಂಗ್‌ಪೇಟೆಯೇ ಇಂದಿನ ಬಂಗಾರಪೇಟೆ. ಅಲ್ಲಿಂದ ಕೋರಮಂಡಲ್ ಮೂಲಕ ಮಾರಿಕುಪ್ಪಂವರೆಗೆ ಚಿನ್ನದ ಗಣಿಗಳಿಗಾಗಿ 1894ರಲ್ಲಿ ಕವಲುಮಾರ್ಗ ಹಾಕಲಾಯಿತು. ಓಶಾನೆಸಿ ಆರಂಭಿಸಿದ ಸಾರ್ವಜನಿಕ ತಂತಿ ಸೇವೆ 2013ರ ಜುಲೈನಲ್ಲಿ ಸ್ಥಗಿತಗೊಂಡಿತು.