ಪೋರ್ಟ್ 25ರ ಹಿಂದಿನ ಪೋಸ್ಟೆಲ್

ನಮ್ಮ ಸಂಘದ ಹೊಸ ಮೇಲ್ ಸರ್ವರ್‌ನಿಂದ ಕಳಿಸಿದ ಆಹ್ವಾನಗಳಲ್ಲಿ ಅರ್ಧ ಸ್ಪ್ಯಾಮ್ ಫೋಲ್ಡರ್ ಸೇರಿದ್ವು, ಇನ್ನರ್ಧ ವಾಪಸ್ ಬಂದ್ವು. ಕಾರ್ಯಕ್ರಮಕ್ಕೆ ಉಳಿದಿದ್ದು ಒಂದೇ ವಾರ. ಸರಿ ಮಾಡೋಕೆ ಕೂತಾಗ ಮತ್ತೆ ಮತ್ತೆ ಎದುರಾದ ಹೆಸರು ಜಾನ್ ಪೋಸ್ಟೆಲ್.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದಲ್ಲಿ. ಯುಸಿಎಲ್‌ಎಯಲ್ಲಿ ಓದುತ್ತಿದ್ದಾಗಲೇ ಇಂಟರ್ನೆಟ್ಟಿನ ತಾಯಿಬೇರಾದ ಅರ್ಪಾನೆಟ್ ಕೆಲಸಕ್ಕಿಳಿದರು. ಜಾಲದ ನಿಯಮಗಳಿರುವ ಆರ್‌ಎಫ್‌ಸಿ ದಾಖಲೆಗಳನ್ನು ಕೊನೇವರೆಗೂ ಸಂಪಾದಿಸಿದರು. ಯಾವ ಕೆಲಸಕ್ಕೆ ಯಾವ ಪೋರ್ಟ್ ನಂಬರ್ ಅನ್ನೋ ಲೆಕ್ಕ ಇಟ್ಟವರೂ ಅವರೇ. ಉದ್ದ ಗಡ್ಡ, ಕಾಲಿಗೆ ಸ್ಯಾಂಡಲ್: ನೋಡಿದರೆ ಋಷಿಯ ಹಾಗಿದ್ದರು.

1982ರಲ್ಲಿ ಅವರು ಬರೆದ ಆರ್‌ಎಫ್‌ಸಿ 821ರ ವಿಷಯ ಎಸ್‌ಎಮ್‌ಟಿಪಿ. ಇವತ್ತಿಗೂ ಸರ್ವರ್‌ನಿಂದ ಸರ್ವರ್‌ಗೆ 25ನೇ ಪೋರ್ಟ್‌ನಲ್ಲಿ ಮೇಲ್ ದಾಟೋದು ಅದೇ ಕ್ರಮದಲ್ಲಿ. ಆದರೆ ಕಳಿಸಿದವರು ನಿಜವಾಗಿ ಯಾರು ಅಂತ ಪರೀಕ್ಷಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಲಕೋಟೆ ಮೇಲೆ ಯಾರ ಹೆಸರು ಬರೆದರೂ ಅಂಚೆ ಹೋಗುತ್ತಲ್ಲ, ಹಾಗೆ. ಜಾಲ ಚಿಕ್ಕದಿತ್ತು, ನಡೀತು.

ಅಪಾಯ ಅವರಿಗೆ ಗೊತ್ತಿರಲಿಲ್ಲ ಅಂತೇನಿಲ್ಲ. ಬೇಡದ ಸಂದೇಶಗಳನ್ನು ಆರಿಸಿ ತಡೆಯುವ ದಾರಿ ಜಾಲದಲ್ಲಿಲ್ಲ ಎಂದು 1975ರಲ್ಲೇ ಆರ್‌ಎಫ್‌ಸಿ 706ರಲ್ಲಿ ಎಚ್ಚರಿಸಿದ್ದರು. ಮುಂದೆ ಟಿಸಿಪಿ ಬರೆಯುವವರಿಗೆ ಒಂದು ಸೂತ್ರವನ್ನೂ ಕೊಟ್ಟರು: ಕಳಿಸುವಾಗ ಬಿಗಿಯಾಗಿರಬೇಕು, ಪಡೆಯುವಾಗ ಉದಾರವಾಗಿರಬೇಕು ಅನ್ನೋದು ಅದರ ಸಾರ.

ಹೃದಯ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ 1998ರ ಅಕ್ಟೋಬರ್ 16ರಂದು ತೀರಿಕೊಂಡರು. ವಯಸ್ಸು ಬರೀ 55.

ಎಸ್‌ಎಮ್‌ಟಿಪಿಯಲ್ಲಿ ಉಳಿದಿದ್ದ ಆ ಕೊರತೆಯನ್ನ ಆಮೇಲಿನವರು ತುಂಬುತ್ತಾ ಬಂದರು. ನಮ್ಮ ಡೊಮೇನ್ ಪರವಾಗಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಎಸ್‌ಪಿಎಫ್ ಹೇಳುತ್ತೆ. ಡಿಕಿಮ್ ಪ್ರತಿ ಪತ್ರಕ್ಕೂ ಸಹಿ ಹಾಕುತ್ತೆ. ಪರೀಕ್ಷೆಯಲ್ಲಿ ಫೇಲಾದ ಪತ್ರವನ್ನ ಏನು ಮಾಡಬೇಕು ಅನ್ನೋದನ್ನ ಡಿಮಾರ್ಕ್ ತಿಳಿಸುತ್ತೆ. ಈ ಮೂರನ್ನೂ ಡಿಎನ್‌ಎಸ್‌ನಲ್ಲಿ ಸೇರಿಸಿದ್ವಿ. ಐಪಿ ವಿಳಾಸದಿಂದ ಹುಡುಕಿದರೂ ನಮ್ಮ ಸರ್ವರ್ ಹೆಸರೇ ಸಿಗೋ ಹಾಗೆ ಪಿಟಿಆರ್ ದಾಖಲೆ ಮಾಡಿಸಿದ್ವಿ. ಎರಡನೇ ಸಲ ಕಳಿಸಿದ ಆಹ್ವಾನಗಳು ಇನ್‌ಬಾಕ್ಸ್‌ಗೇ ಹೋದ್ವು.

ಮೇಲ್ ಪಡೆಯುವ ಸರ್ವರ್‌ಗಳು ಆ ಹಳೇ ಉದಾರತೆ ಬಿಟ್ಟಾಗಿದೆ. ಸ್ಪ್ಯಾಮ್ ಕಾಟಕ್ಕೆ ಬೇರೆ ದಾರಿ ಇರಲಿಲ್ಲ. ಕಳಿಸುವಾಗಿನ ಬಿಗಿ ಮಾತ್ರ ಇನ್ನೂ ನಮ್ಮ ಕೈಲಿದೆ. ಪೋಸ್ಟೆಲ್ ಸೂತ್ರದ ಆ ಅರ್ಧವನ್ನ ಪಾಲಿಸಿದ ಮೇಲೇ ನಮ್ಮ ಪತ್ರ ಮನೆ ಸೇರಿದ್ದು.