ಟಿ. ಪಿ. ಕೈಲಾಸಂ

ತ್ಯಾಗರಾಜ ಪರಮಶಿವ ಕೈಲಾಸಂ ಅವರು 1884ರಲ್ಲಿ ಜನಿಸಿದರು. ತಂದೆ ಪರಮಶಿವ ಅಯ್ಯರ್ ಮೈಸೂರು ಸಂಸ್ಥಾನದಲ್ಲಿ ನ್ಯಾಯಾಧೀಶರಾಗಿದ್ದವರು. ಮದರಾಸಿನಲ್ಲಿ ಪದವಿ ಪಡೆದು, ಭೂವಿಜ್ಞಾನದ ಉನ್ನತ ವ್ಯಾಸಂಗಕ್ಕಾಗಿ ಲಂಡನ್ನಿಗೆ ತೆರಳಿದ ಕೈಲಾಸಂ ಅಲ್ಲಿನ ರಂಗಭೂಮಿಗೆ ಮಾರುಹೋದರು. ಮರಳಿ ಬಂದು ಸರ್ಕಾರಿ ಹುದ್ದೆಯನ್ನು ಸೇರಿದರೂ ಕೆಲವೇ ವರ್ಷಗಳಲ್ಲಿ ಅದನ್ನು ತೊರೆದು, ನಾಟಕಕ್ಕೇ ತಮ್ಮನ್ನು ಒಪ್ಪಿಸಿಕೊಂಡರು.

ಅಂದಿನ ವೃತ್ತಿ ಕಂಪನಿಗಳ ರಂಗದ ಮೇಲೆ ಪುರಾಣದ ರಾಜರೂ ಹಾಡುಗಳೂ ಮೆರೆಯುತ್ತಿದ್ದ ಕಾಲವದು. ಕೈಲಾಸಂ ಮಧ್ಯಮ ವರ್ಗದ ಮನೆಯ ಪಡಸಾಲೆಯನ್ನೇ ರಂಗಕ್ಕೆ ತಂದರು. ಇಂಗ್ಲಿಷ್ ಬೆರೆತ ಆಡುಮಾತನ್ನು ಪಾತ್ರಗಳ ಬಾಯಲ್ಲಿ ಇರಿಸಿದರು. ಪುಸ್ತಕದ ಓದಿಗಿಂತ ಅನುಕಂಪವೇ ಗಟ್ಟಿಯೆಂಬುದನ್ನು ‘ಟೊಳ್ಳು-ಗಟ್ಟಿ’ಯಲ್ಲಿ ತೋರಿಸಿದರು.

ಬರೆಯುವುದಕ್ಕಿಂತ ಆಡಿ ತೋರಿಸುವುದೇ ಅವರಿಗೆ ಪ್ರಿಯವಾಗಿತ್ತು. ವೇಷವಿಲ್ಲದೆ, ಪರದೆಯಿಲ್ಲದೆ, ಮಿತ್ರರ ನಡುವೆ ಕುಳಿತು ಎಲ್ಲ ಪಾತ್ರಗಳನ್ನೂ ತಾವೊಬ್ಬರೇ ಅಭಿನಯಿಸುತ್ತಿದ್ದರು. ದನಿ ಬದಲಾದೊಡನೆ ಕೇಳುವವರ ಕಣ್ಣಮುಂದೆ ಮತ್ತೊಬ್ಬ ವ್ಯಕ್ತಿ ಮೂಡುತ್ತಿದ್ದನು. ಅವರ ಎಷ್ಟೋ ನಾಟಕಗಳು ಅವರು ಹೇಳುತ್ತಿದ್ದಂತೆ ಇತರರು ಬರೆದುಕೊಂಡಂಥವು.

ಈ ಪ್ರತಿಭೆಯಲ್ಲಿಯೇ ಒಂದು ಅಪಾಯವೂ ಅಡಗಿತ್ತು. ಬರೆದುಕೊಳ್ಳುವವರು ಇಲ್ಲದ ದಿನ ಆಡಿದ ಮಾತು ಗಾಳಿಯಲ್ಲಿ ಲೀನವಾಗುತ್ತಿತ್ತು. ಅವರು ಇಂಗ್ಲಿಷಿನಲ್ಲಿ ಕಟ್ಟಿದ ‘ಕೀಚಕ’ ನಾಟಕವನ್ನು, ಅದನ್ನು ಅವರ ಬಾಯಿಂದಲೇ ಕೇಳಿದ್ದ ಬಿ. ಎಸ್. ರಾಮರಾವ್ ಅವರು ಬರಹಕ್ಕಿಳಿಸಿ ಉಳಿಸಿದರು.

1945ರಲ್ಲಿ ಮದರಾಸಿನಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಮರುವರ್ಷವೇ, 1946ರಲ್ಲಿ, ಅವರು ನಿಧನರಾದರು. ಆ ಕಂಠದೊಡನೆ ಕಳೆದುಹೋದುದೆಷ್ಟೋ! ಲೇಖನಿ ಹಿಡಿದು ಅವರ ಬಳಿ ಕುಳಿತವರಿಂದ ಉಳಿದುದು ಕನ್ನಡದ ಸೊತ್ತಾಯಿತು.